ಬರಗಾಲ ಸಾಹೇಬರು ನೆಲ ಸಮ ಮಾಡಿದ್ದು

“ಗಾರೆಯಲ್ಲೇ ಜೀವ ಸವೆಸಿದವನು ಮನೆಯಲ್ಲಿ ಕೂತಿರುವಾಗ ಹೊರಗಿಂದ ಗಾರೆಯವನನ್ನ ಕರೆಸೋದಾ? ನಾಲ್ಕು ಜನ ಕೇಳಿದರೆ ಏನಂದಾರು? ಈ ಪ್ಯಾಸೇಜಿನ ನೆಲ ನಾನೇ ಮಾಡ್ತೀನಿ. ಹೇಗೆ ಮಾಡ್ತೀನಿ ಅಂದರೆ, ಅದರ ಮೇಲೊಂದು ಗೋಲಿ ಇಟ್ಟರೆ ಯಾವ ಕಡೆ ಉರುಳಬೇಕು ಅಂತ ತಿಳೀದೆ ಅದು ಅಲ್ಲೇ ಕೂತಿರಬೇಕು.”

ಹೀಗೆಂದು ಊಟದ ಮೇಜಿನ ಮುಂದೆ ಘೋಷಣೆ ಹೊರಡಿಸಿದವರು ನಮ್ಮ ಬರಗಾಲ ಸಾಹೇಬರು. ಘೋಷಣೆಯನ್ನು ಕೇಳಬೇಕಾಗಿದ್ದ ಹೆಂಡತಿ ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ. ಅಪ್ಪ ತೀರಿಕೊಂಡಾಗಿನಿಂದ ಆಕೆ ಹಾಗೆಯೇ ಆಗಿಬಿಟ್ಟಿದ್ದರು. ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ಎತ್ತಿಕೊಂಡು ತೊಳೆಯುವರು. ಕೇಳಿದ ಮಾತಿಗೆ ಇನ್ಯಾವಾಗಲೋ ಉತ್ತರ ಕೊಡುವರು. ಮನೆಯಲ್ಲಿ ಮಾತು ಎನ್ನುವುದು ಎಣ್ಣೆ ತೀರಿದ ದೀಪದ ಹಾಗೆ ಸಣ್ಣಗೆ ಉರಿಯುತ್ತಿತ್ತು.

“ಅಮ್ಮ ಹಿಡಿದು ನಡೆಯೋಕೆ ಗೋಡೆಗುಂಟ ಒಂದು ಹಗ್ಗ ಕಟ್ಟಿದರೆ ಸಾಕಿತ್ತು,” ಎಂದರು ಹೆಂಡತಿ, ಬಹಳ ಹೊತ್ತಿನ ಮೇಲೆ.

“ಹಗ್ಗವಾ? ನಮ್ಮತ್ತೆ ಏನು ಬಟ್ಟೆ ಒಣಗಿಸೋಕೆ ಬರ್ತಿದ್ದಾರಾ?” ಎಂದರು ಸಾಹೇಬರು. ಹೆಂಡತಿ ಮತ್ತೆ ತಟ್ಟೆ ಎತ್ತಿಕೊಂಡರು.

ಬರಗಾಲ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಸಾಹೇಬರು ಡ್ರೈ ಮಿಕ್ಸ್ ಗಾರೆ ತಯಾರಿಸುವ ಕಾರ್ಖಾನೆಯಲ್ಲಿ ಮಿಕ್ಸಿಂಗ್ ವಿಭಾಗದ ಸೂಪರ್‌ವೈಸರ್. ಕಟ್ಟಡದ ಮುಂದೆ ಮರಳಿನ ಗುಡ್ಡೆ ಹಾಕಿಕೊಂಡು, ಬಾಣಲಿ ಲೆಕ್ಕದಲ್ಲಿ ಸಿಮೆಂಟು ಸುರಿದು, ದೇವರ ಮೇಲೆ ಭಾರ ಹಾಕಿ ಕಲಸುತ್ತಾರಲ್ಲ, ಆ ಅಂದಾಜಿನ ಕೆಲಸವೆಲ್ಲ ಇಲ್ಲಿ ಮೊದಲೇ ಮುಗಿದುಹೋಗುತ್ತದೆ. ಉರುಳುವ ದೊಡ್ಡ ಕೊಳವೆಯೊಳಗೆ ಮರಳನ್ನು ಬಿಸಿಗಾಳಿಯಲ್ಲಿ ಹುರಿದ ಹಾಗೆ ಒಣಗಿಸುತ್ತಾರೆ. ಜರಡಿ ಹಿಡಿದು ದಪ್ಪದ್ದು, ಸಣ್ಣದ್ದು, ಪುಡಿಯಂಥದ್ದು ಎಂದು ಬೇರೆ ಮಾಡಿ ಸೈಲೋ ಎಂಬ ಎತ್ತರದ ಕಣಜಗಳಿಗೆ ಏರಿಸುತ್ತಾರೆ. ಅಲ್ಲಿಂದ ತೂಕಕ್ಕೆ ತಕ್ಕಂತೆ ಇಳಿದ ಮರಳಿಗೆ ಸಿಮೆಂಟು ಸೇರುತ್ತದೆ. ಬಿರುಕು ಬಿಡದಿರಲು ಒಂದು ಪುಡಿ, ಗೋಡೆಗೆ ಕಚ್ಚಿಕೊಳ್ಳಲು ಒಂದು ಪುಡಿ, ಬೇಗ ಬಿಗಿಯದಿರಲು ಇನ್ನೊಂದು ಪುಡಿ ಸೇರುತ್ತವೆ. ಎಲ್ಲವೂ ಮಿಕ್ಸರಿನಲ್ಲಿ ಗರಗರ ತಿರುಗಿ ಚೀಲದೊಳಗೆ ಬಿದ್ದು ಬಾಯಿ ಮುಚ್ಚಿಕೊಂಡು ಲಾರಿ ಹತ್ತುತ್ತವೆ. ಕೊಂಡವರು ನೀರು ಹಾಕಿ ಕಲಸಿಕೊಂಡರೆ ಆಯಿತು.

ಹಾಗಾಗಿ ಕಾರ್ಖಾನೆಯ ಒಳಗೆ ನೀರು ಎಂದರೆ ಕಳ್ಳ ಇದ್ದ ಹಾಗೆ. ಒಂದಿಷ್ಟು ಪಸೆ ನುಗ್ಗಿದರೂ ಸೈಲೋದೊಳಗೆ ಮಾಲು ಗಡ್ಡೆ ಕಟ್ಟಿ ಕೂರುತ್ತದೆ. ಆ ಕಳ್ಳನನ್ನು ಹಿಡಿಯುವುದರಲ್ಲೇ ಸಾಹೇಬರ ಅರ್ಧ ಆಯುಸ್ಸು ಕಳೆದಿತ್ತು. ನೀರಿನ ಬಾಟಲಿ ಹಿಡಿದು ಬಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವರು. ಬೆವರಿದವರನ್ನು “ಒರೆಸಿಕೊಂಡು ಬನ್ನಿ” ಎಂದು ಗದರುವರು. ಸೀನು ಬಂದವರು ತಾವಾಗಿಯೇ ಹೊರಗೋಡುವರು. ಸಾಹೇಬರ ಬೂಟಿನ ಸದ್ದು ಕೇಳಿದರೆ “ಬರಗಾಲ ಬಂತು” ಎಂದು ಎಲ್ಲರೂ ಪಿಸುಗುಟ್ಟಿಕೊಳ್ಳುವರು. ಸಾಹೇಬರು ಅದನ್ನು ಬಿರುದು ಎಂದೇ ತಿಳಿದಿದ್ದರು.

ಅವರ ಕೈಯಿಂದ ಹೊರಟ ಗಾರೆಯಿಂದ ಎದ್ದು ನಿಂತ ಗೋಡೆಗಳು ಊರ ತುಂಬ ಇವೆ. ಆದರೆ ಒಂದು ಸಣ್ಣ ಸಂಗತಿಯನ್ನು ಸಾಹೇಬರು ಯಾರಿಗೂ ಹೇಳಿರಲಿಲ್ಲ, ಪ್ರಾಯಶಃ ಅವರಿಗೇ ಅದು ಹೊಳೆದಿರಲಿಲ್ಲ. ಆ ಗಾರೆ ಒದ್ದೆಯಾಗಿದ್ದನ್ನು ಅವರು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ.

ಇನ್ನು ಅತ್ತೆಯವರ ವಿಷಯ. ಅವರ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಬಂದು, ಈಗ ಬೆಳಕಾಯಿತೋ ಕತ್ತಲಾಯಿತೋ ಅನ್ನುವಷ್ಟು ಮಾತ್ರ ಉಳಿದಿತ್ತು. ಆದರೂ ತಮ್ಮ ಬಾಡಿಗೆ ಮನೆಯಲ್ಲಿ ಅವರು ಯಾರ ಹಂಗೂ ಇಲ್ಲದೆ ಓಡಾಡಿಕೊಂಡಿದ್ದರು. ಒಲೆ ಹಚ್ಚುವರು, ಬಟ್ಟೆ ಒಗೆಯುವರು, ಗಂಡನಿಗೆ ಬಡಿಸುವರು, ಬಡಿಸುತ್ತಲೇ ಬಯ್ಯುವರು. ಮಾವನವರು ಬಯ್ಸಿಕೊಳ್ಳುವಂಥವರೇ. ಮನೆಯ ರಿಪೇರಿಯನ್ನೆಲ್ಲ ತಾವೇ ಮಾಡುವ ಚಟ ಅವರಿಗೆ. ಮಾಡಿದ್ದೆಲ್ಲ ಕೆಡುತ್ತಿತ್ತು. ಅವರು ಬಚ್ಚಲಿನ ಬಾಗಿಲಲ್ಲಿ ಮೆತ್ತಿದ್ದ ಸಿಮೆಂಟಿನ ಗಡ್ಡೆಗೆ ಎಡವಿ ಸಾಹೇಬರ ಹೆಬ್ಬೆರಳಿನ ಉಗುರೇ ಕಿತ್ತುಬಂದಿತ್ತು. “ಇದೂ ಒಂದು ಕೆಲಸವಾ?” ಎಂದು ಸಾಹೇಬರು ಅಂದು ಮನಸ್ಸಿನಲ್ಲೇ ನಕ್ಕಿದ್ದರು.

ಮಾವ ತೀರಿಕೊಂಡರು. ಮನೆಯ ಮಾಲೀಕರು ಮನೆ ಬಿಡಿ ಎಂದರು. ಅಮ್ಮ ತನ್ನ ಜೊತೆಗೇ ಇರಲಿ ಎಂಬುದೊಂದೇ ಹೆಂಡತಿಯ ಆಸೆ. ಅತ್ತೆ ಒಮ್ಮೆ ಬಂದು ಇದ್ದು ನೋಡಿದರು. ಕೋಣೆಯಿಂದ ಬಚ್ಚಲಿಗೆ ಹೋಗುವ ಪ್ಯಾಸೇಜಿನ ನಡುಮಧ್ಯೆ ಎರಡೂ ಕೈ ಚಾಚಿಕೊಂಡು ನಿಂತುಬಿಟ್ಟರು.

“ನಿಮ್ಮ ನೆಲ ನನಗೆ ಗೊತ್ತಾಗ್ತಿಲ್ಲ,” ಎಂದರು.

ಹೆಂಡತಿ ಓಡಿಹೋಗಿ ಅಮ್ಮನ ಕೈ ಹಿಡಿದರು. ಅತ್ತೆ ಹಿಡಿಯಗೊಟ್ಟರು, ಆದರೆ ಮುಖ ಚಿಕ್ಕದಾಯಿತು. ಹೊರಡುವಾಗ ನೆಟ್ಟಗೆ ಹೇಳಿದರು: “ಇನ್ನೊಂದು ಸಲ ಬಂದು ನೋಡ್ತೀನಿ ಮಗಳೇ. ಬಚ್ಚಲಿಗೆ ನಾನೊಬ್ಬಳೇ ಹೋಗೋಕಾದರೆ ಇರ್ತೀನಿ. ಆಗದಿದ್ದರೆ ವೃದ್ಧಾಶ್ರಮಕ್ಕೆ ಸೇರಿಸು. ಅಲ್ಲಿ ಕೈ ಹಿಡಿಯೋದು ಅವರ ಕೆಲಸ. ನಿನ್ನ ಕೈಲಿ ಅದನ್ನ ಮಾಡಿಸಿಕೊಳ್ಳಲ್ಲ.”

ನೆಲ ಗೊತ್ತಾಗುತ್ತಿಲ್ಲ ಎಂದರೆ ಏನರ್ಥ? ಸಾಹೇಬರು ಮೊಣಕಾಲೂರಿ, ಕೆನ್ನೆಯನ್ನು ಟೈಲ್ಸಿಗೆ ಒತ್ತಿ ಪರೀಕ್ಷಿಸಿದರು. ಕಣ್ಣಿರುವವರಿಗೆ ಕಾಣದಂಥ ಏರುತಗ್ಗು ಇದೆ ಎಂದು ತೀರ್ಪು ಕೊಟ್ಟರು. ಆ ತೀರ್ಪಿನ ಮೇಲೇ ಗೋಲಿಯ ಘೋಷಣೆ ಹೊರಬಿದ್ದದ್ದು.

ಅವರ ಕಾರ್ಖಾನೆಯಲ್ಲೇ ಅದಕ್ಕೆಂದೇ ಒಂದು ಮಾಲು ತಯಾರಾಗುತ್ತಿತ್ತು. ನೀರು ಬೆರೆಸಿ ಸುರಿದರೆ ತಾನೇ ಹರಡಿಕೊಂಡು ತಾನೇ ಸಮವಾಗುವ ನೆಲದ ಗಾರೆ. ಕರಣೆ ಹಿಡಿಯುವ ಶ್ರಮವೂ ಇಲ್ಲ. ಚೀಲ ಕೇಳಲು ಹೋದಾಗ ಲ್ಯಾಬಿನಾಕೆ ಕನ್ನಡಕ ಮೇಲೇರಿಸಿ ನೋಡಿದರು.

“ಸಾರ್, ನೀವು ಯಾವತ್ತಾದರೂ ಇದನ್ನ ಕಲಸಿದ್ದೀರಾ?”

“ದಿನಾ ಲಾರಿಗಟ್ಟಲೆ ಬೆರೆಸ್ತೀನಲ್ಲಮ್ಮಾ.”

“ಅದು ಒಣಗಿದ್ದು ಸಾರ್. ನಾನು ಕೇಳ್ತಿರೋದು ನೀರು ಹಾಕಿ.”

“ನೀರು ಹಾಕೋಕೂ ಒಂದು ಡಿಗ್ರಿ ಬೇಕಾ?” ಎಂದು ಸಾಹೇಬರು ಚೀಲವನ್ನು ಕಾರಿನ ಡಿಕ್ಕಿಗೆ ಹಾಕಿಸಿಕೊಂಡು ಬಂದರು.

ಆ ದಿನ ಬಂತು. ಹೆಂಡತಿ ಅಮ್ಮನನ್ನು ಕರೆತರಲು ಬೆಳಗಿನ ಬಸ್ಸಿಗೆ ಹೋದರು. ಸಂಜೆಗೆ ಬರುವುದು ಎಂದು ಮಾತಾಗಿತ್ತು. ಅಷ್ಟರಲ್ಲಿ ನೆಲ ಗಟ್ಟಿಯಾಗಿ, ನಡೆಯಲು ತಯಾರಾಗಿರುತ್ತದೆ. ಗಾಳಿ ಬಡಿದರೆ ಮೇಲ್ಮೈ ಬೇಗ ಒಣಗಿ ಬಿರುಕು ಬಿಡುತ್ತದೆ ಎಂಬುದು ಸಾಹೇಬರಿಗೆ ಗೊತ್ತು. ಎಲ್ಲ ಕಿಟಕಿ ಮುಚ್ಚಿದರು. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಬಕೆಟ್ಟಿನ ಮುಂದೆ ಕೂತರು.

ಎಷ್ಟು ನೀರು ಹಾಕಬೇಕು ಎಂದು ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಸಾಹೇಬರು ಓದಿದರು. ಇನ್ನೊಮ್ಮೆ ಓದಿದರು. ಇಷ್ಟೊಂದು ನೀರಾ? ಮಗುವಿನ ಹಾಗೆ ಒಣಗಿಸಿ, ಒರೆಸಿ, ಕಾಪಾಡಿದ ಮಾಲಿಗೆ ಒಂದೇ ಏಟಿಗೆ ಇಷ್ಟು ನೀರು ಸುರಿಯುವುದಾ? ಅಚ್ಚು ಹಾಕಿದವರು ಎಲ್ಲೋ ತಪ್ಪಿರಬೇಕು. ಒಂದು ಚೊಂಬು ಹಾಕಿದರು, ನಿಲ್ಲಿಸಿದರು. ಮನಸ್ಸು ಗಟ್ಟಿ ಮಾಡಿಕೊಂಡು ಇನ್ನೊಂದು ಚೊಂಬು ಹಾಕಿದರು. ಅರ್ಧಕ್ಕೆ ಬರುವಷ್ಟರಲ್ಲಿ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. “ಇಷ್ಟೇ ಜಾಸ್ತಿ,” ಎಂದುಕೊಂಡು ದೊಣ್ಣೆಯಿಂದ ಕಲಸಿದರು. ದೊಣ್ಣೆ ಬಕೆಟ್ಟಿನೊಳಗೆ ನೆಟ್ಟ ಕಂಬದ ಹಾಗೆ ನಿಂತಿತು.

ಕೋಣೆಯ ಬಾಗಿಲ ಬಳಿ ಸುರಿದರು. ಗಾರೆ ತಾನೇ ಹರಡಿಕೊಳ್ಳಲಿಲ್ಲ. ತಾನೇ ಸಮವಾಗಲೂ ಇಲ್ಲ. ಬಿದ್ದ ಜಾಗದಲ್ಲಿ ಎಮ್ಮೆಯ ಹಾಗೆ ಮಲಗಿಕೊಂಡಿತು. ಸಾಹೇಬರು ಕಾದರು. “ಹರಿ,” ಎಂದು ಮೆಲ್ಲಗೆ ಹೇಳಿಯೂ ನೋಡಿದರು. ಕೊನೆಗೆ ಕರಣೆ ಹಿಡಿದು, ಮಂಡಿಯೂರಿ, ತಿಕ್ಕಿ, ತಳ್ಳಿ, ಬೆವರಿಳಿಸಿಕೊಂಡು ಹರಡತೊಡಗಿದರು. ನಲ್ಲಿ ಇದ್ದದ್ದು ಬಚ್ಚಲಲ್ಲಿ, ಬಕೆಟ್ಟು ಇದ್ದದ್ದೂ ಬಚ್ಚಲ ಬಾಗಿಲಲ್ಲಿ. ಹಾಗಾಗಿ ಕೋಣೆಯಿಂದ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತ ಬಂದರು. ಬಚ್ಚಲ ಹೊಸಿಲ ಮೇಲೆ ಕೊನೆಯ ಗೀರು ಎಳೆದು ಎದ್ದು ನಿಂತರು. ಸೊಂಟ ಹಿಡಿದಿತ್ತು. ನೆಲ ಅಲ್ಲಲ್ಲಿ ಉಬ್ಬು ತಗ್ಗಾಗಿದ್ದರೂ ದೂರದಿಂದ ನೋಡಿದರೆ ಪರವಾಗಿಲ್ಲ ಅನ್ನಿಸಿತು.

ಎಲ್ಲಿಂದ ದೂರ? ಬಚ್ಚಲಿನಿಂದ! ಸಾಹೇಬರು ಸುತ್ತ ನೋಡಿಕೊಂಡರು. ಆ ಬಚ್ಚಲಿಗೆ ಇನ್ನೊಂದು ಬಾಗಿಲಿಲ್ಲ. ಮೇಲಿದ್ದ ಗಾಳಿಕಿಂಡಿಯಲ್ಲಿ ಬೆಕ್ಕು ನುಸುಳಿದರೆ ಅದರ ಪುಣ್ಯ.

ಸರಿ, ಸಂಜೆಯವರೆಗೆ ಸಮಯ ಇದೆಯಲ್ಲ ಎಂದು ಬಕೆಟ್ಟನ್ನು ಬೋರಲು ಹಾಕಿ ಕೂತರು. ಹೊರಗೆ ಹಾಲಿನಲ್ಲಿ ಫೋನು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಬೇಗ ಹೊರಡುವ ಬಸ್ಸು ಸಿಕ್ಕಿತೆಂದು ಹೇಳಲು ಹೆಂಡತಿ ಮಾಡಿದ್ದ ಫೋನು ಅದು. ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ, ಕಾಲಿಂಗ್ ಬೆಲ್ ಕೂಗಿತು.

“ರೀ, ಬಾಗಿಲು ತೆಗೀರಿ.”

“ಸ್ವಲ್ಪ ನಿಲ್ಲು,” ಎಂದು ಸಾಹೇಬರು ಬಚ್ಚಲಿನಿಂದಲೇ ಕೂಗಿದರು.

“ಎಷ್ಟು ಹೊತ್ತು?”

“ಸಂಜೆವರೆಗೂ.”

“ಎಲ್ಲಿದ್ದೀರಿ ನೀವು?”

“ಬಚ್ಚಲಲ್ಲಿ.”

“ಮುಗಿಸಿಕೊಂಡು ಬನ್ನಿ ಮತ್ತೆ.”

“ಅದಲ್ಲ ಕಣೇ, ನೆಲ ಇನ್ನೂ ಹಸಿ ಇದೆ.”

“ಅಮ್ಮ ನಿಂತಿದ್ದಾಳೆ ರೀ. ಕಾಲು ನಡುಗ್ತಿದೆ. ಬಸ್ಸಿಂದ ಇಳಿದಾಗಿಂದ ಬಚ್ಚಲಿಗೆ ಹೋಗಬೇಕು ಅಂತಿದ್ದಾಳೆ.”

ಸಾಹೇಬರು ಕಣ್ಣು ಮುಚ್ಚಿಕೊಂಡು ಕಾಲಿಟ್ಟರು. ನೀರು ಸರಿಯಾಗಿದ್ದಿದ್ದರೆ ಹೆಜ್ಜೆಯ ಗುರುತು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತೋ ಏನೋ. ಅರ್ಧ ನೀರಿನ ಆ ಗಾರೆ, ಇಟ್ಟ ಹೆಜ್ಜೆಯನ್ನು ಇಟ್ಟ ಹಾಗೆಯೇ ಹಿಡಿದಿಟ್ಟುಕೊಂಡಿತು. ಹಿಮ್ಮಡಿ, ಅಂಗಾಲು, ಐದೂ ಬೆರಳು. ಬಚ್ಚಲಿನಿಂದ ಕೋಣೆಯ ಬಾಗಿಲವರೆಗೆ ಸಾಹೇಬರ ಪಾದಗಳು ಸಾಲಾಗಿ ಅಚ್ಚಾದವು.

ಬಾಗಿಲು ತೆರೆದರು. ಹೆಂಡತಿ ಮೊದಲು ಗಂಡನ ಬೂದುಗಾಲು ನೋಡಿದರು, ಆಮೇಲೆ ಒಳಗೆ ಇಣುಕಿ ಪ್ಯಾಸೇಜು ನೋಡಿದರು. ಬಯ್ದಿದ್ದರೆ ಸಾಹೇಬರು ಬದುಕಿಕೊಳ್ಳುತ್ತಿದ್ದರು. ಆಕೆ ಅಮ್ಮನ ಕೈ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದರು. ತಮಗೆ ಪರಿಚಯವೇ ಇಲ್ಲದವರ ಮನೆಯ ಬಚ್ಚಲಿಗೆ, ಹೊಸಿಲು ಎಲ್ಲಿದೆ, ಮೆಟ್ಟಿಲು ಎಲ್ಲಿದೆ ಎಂದು ಹೇಳಿಸಿಕೊಳ್ಳುತ್ತ, ಇಬ್ಬಿಬ್ಬರ ಕೈ ಹಿಡಿದು ಅತ್ತೆ ನಡೆದರು. ಯಾವುದು ಆಗಬಾರದು ಎಂದು ಅವರು ಷರತ್ತು ಹಾಕಿದ್ದರೋ ಅದು ಬಂದ ಗಳಿಗೆಯಲ್ಲೇ ಆಗಿಹೋಯಿತು. ಸಾಹೇಬರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಿಂತಿರುಗಿ ಬಂದ ಅತ್ತೆ ಕುರ್ಚಿಯ ತುದಿಯಲ್ಲಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೇ ಕೂತರು.

“ನಾಳೆ ಬೆಳಿಗ್ಗೆ ಹೊರಡೋಣ ಮಗಳೇ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲಾಗದ್ದು.

ಆ ಸಂಜೆ ಹೆಂಡತಿ ಗಂಡನ ಜೊತೆ ಆಡಿದ್ದು ಒಂದೇ ಮಾತು. “ಉಳಿದದ್ದೆಲ್ಲ ಕಾರ್ಖಾನೇಲೇ ಆಗಿತ್ತು. ನೀರು ಹಾಕೋದಷ್ಟೇ ಅಲ್ವಾ ನಿಮ್ಮ ಪಾಲಿಗಿದ್ದದ್ದು?”

ಸಾಹೇಬರು ಉಳಿ, ಸುತ್ತಿಗೆ ತಂದು ಕೂತರು. ನೆಲ ಅಷ್ಟರಲ್ಲಿ ಗಟ್ಟಿಯಾಗಿತ್ತು. ಒಂದು ಏಟು ಹಾಕಿದರು. ಉಳಿ ಜಾರಿತು, ನೆಲ ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಮ್ಮ ಮಾಲು ಕಲ್ಲಿಗೆ ಸಮ ಎಂದು ಅವರೇ ಎಷ್ಟೋ ಜನರ ಮುಂದೆ ಕೊಚ್ಚಿಕೊಂಡದ್ದುಂಟು. ಅದು ನಿಜವಾಗಿಯೂ ಹಾಗೆಯೇ ಇತ್ತು. ತಮ್ಮದೇ ಪಾದಗಳನ್ನು ನೋಡುತ್ತ ಅಲ್ಲೇ ಕೂತರು. ಹೆಂಡತಿಯ ಅಪ್ಪನನ್ನು ತನ್ನಿಂದ ಉಳಿಸಿಕೊಡಲಾಗಲಿಲ್ಲ, ಅದು ಯಾರ ಕೈಲೂ ಇರಲಿಲ್ಲ. ಅಮ್ಮನನ್ನು ಉಳಿಸಿಕೊಡುವುದು ತನ್ನ ಕೈಲಿತ್ತು, ಅದನ್ನೂ ಕೆಡಿಸಿದೆ ಎಂದುಕೊಂಡು ಸುತ್ತಿಗೆಯನ್ನು ಕೆಳಗಿಟ್ಟರು.

ಬೆಳಿಗ್ಗೆ ಸಾಹೇಬರು ಹಾಲಿನಲ್ಲಿ ಮಂಕು ಬಡಿದವರಂತೆ ಕೂತಿದ್ದರು. ಹೆಂಡತಿ ಅಡುಗೆಮನೆಯಲ್ಲಿ ದಾರಿಗೆಂದು ಏನೋ ಕಟ್ಟುತ್ತಿದ್ದರು. ಆಗ ಕೋಣೆಯ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಕರೆಯಲಿಲ್ಲ, ಕೈ ಚಾಚಲಿಲ್ಲ. ಬಲಗಾಲನ್ನು ಮುಂದಿಟ್ಟು ಬೆರಳುಗಳಿಂದ ನೆಲ ತಡವಿದರು. ನಿಂತರು. ಇನ್ನೊಂದು ಕಾಲಿಟ್ಟು ಮತ್ತೆ ತಡವಿದರು. ಸಾಹೇಬರು ಓಡಿಹೋಗಿ ಹಿಡಿಯಬೇಕೆಂದು ಎದ್ದವರು ಅಲ್ಲೇ ನಿಂತರು. ಅತ್ತೆ ಏನನ್ನೋ ಗೊಣಗುತ್ತ ಒಂದೊಂದೇ ಗುಂಡಿಯಲ್ಲಿ ಪಾದ ಕೂರಿಸುತ್ತ ನಡೆದುಹೋದರು. ಬಚ್ಚಲ ಬಾಗಿಲು ಮುಚ್ಚಿತು. ನೀರಿನ ಸದ್ದು ಕೇಳಿತು. ಬಾಗಿಲು ತೆರೆಯಿತು. ಅದೇ ಗುಂಡಿಗಳಲ್ಲಿ ಹಿಂದಕ್ಕೆ ಬಂದರು, ಈ ಸಲ ಇನ್ನೂ ಚುರುಕಾಗಿ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು.

“ಈ ನೆಲದ ಮೇಲೆ ನಡೆದವರು ಯಾರು?” ಎಂದು ಅತ್ತೆ ಕೇಳಿದರು.

“ನಾನೇ ಅತ್ತೆ,” ಎಂದರು ಸಾಹೇಬರು, ತಲೆ ತಗ್ಗಿಸಿ.

“ಬಚ್ಚಲಿಂದ ಹೊರಗೆ ಬಂದ ಗುರುತಿದೆ. ಒಳಗೆ ಹೋದ ಗುರುತೇ ಇಲ್ಲವಲ್ಲ. ನೀವೇನು ಅಲ್ಲೇ ಹುಟ್ಟಿದ್ರಾ?”

ಹೆಂಡತಿಗೆ ಕಿಸಕ್ಕನೆ ನಗು ಬಂತು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಅರ್ಧಕ್ಕೇ ಅದು ಅಳುವಾಗಿ, ಸೆರಗು ಬಾಯಿಗೊತ್ತಿಕೊಂಡರು. “ಇವತ್ತೇ ಯಾರನ್ನಾದರೂ ಕರೆಸಿ ಒಡೆಸ್ತೀನಮ್ಮ,” ಎಂದರು.

“ಒಡೆಸಬೇಡ ಕಣೇ.” ಅತ್ತೆ ಗೋಡೆಗೆ ಒರಗಿ ನಿಂತರು. “ನಿಮ್ಮಪ್ಪನೂ ಹೀಗೇ. ಒಂದು ಕೆಲಸ ನೆಟ್ಟಗೆ ಮಾಡಿದವರಲ್ಲ. ಬಚ್ಚಲ ಬಾಗಿಲಲ್ಲಿ ಸಿಮೆಂಟಿನ ಗಡ್ಡೆ. ಅಡುಗೆಮನೆ ಚೌಕಟ್ಟಲ್ಲಿ ಸೊಟ್ಟ ಮೊಳೆ. ಕೋಣೆ ಬಾಗಿಲು ನೆಲಕ್ಕೆ ಉಜ್ಜೋದು. ಕಣ್ಣಿದ್ದಾಗ ದಿನಾ ಬಯ್ದೆ. ಕಣ್ಣು ಹೋದ ಮೇಲೆ ಅವನ್ನೇ ಮುಟ್ಟಿಕೊಂಡು ಓಡಾಡಿದೆ. ಗಡ್ಡೆ ಸಿಕ್ಕಿದರೆ ಬಚ್ಚಲು, ಮೊಳೆ ಸಿಕ್ಕಿದರೆ ಒಲೆ. ಇಲ್ಲಿ ಎಲ್ಲಾ ನುಣ್ಣಗೆ. ಎಲ್ಲಿ ನಿಂತಿದ್ದೀನಿ ಅನ್ನೋದೇ ತಿಳೀತಿರಲಿಲ್ಲ. ಅವರಿಗೆ ಒಂದು ಸಲ ಹೇಳಬೇಕಿತ್ತು, ನೀವು ಕೆಡಿಸಿದ್ದರಿಂದಲೇ ನನಗೆ ದಾರಿ ಆಯ್ತು ಅಂತ. ಹೇಳಲಿಲ್ಲ. ಬಯ್ಕೊಂಡೇ ಕಳಿಸಿದೆ.”

ಸಾಹೇಬರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

“ಅಳಿಯಂದಿರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಾಗೇ ಅಡುಗೆಮನೆವರೆಗೂ ಒಂದು ಕೆಡಿಸಿಕೊಡ್ತೀರಾ? ನನ್ನ ಟೀ ನಾನೇ ಮಾಡ್ಕೋತೀನಿ.”

ಬರಗಾಲ ಸಾಹೇಬರ ಜೀವನದಲ್ಲಿ ಇಷ್ಟು ದೊಡ್ಡ ಗೌರವ ಯಾರೂ ಕೊಟ್ಟಿರಲಿಲ್ಲ, ಇಷ್ಟು ದೊಡ್ಡ ಅವಮಾನವನ್ನೂ ಯಾರೂ ಮಾಡಿರಲಿಲ್ಲ. ಎರಡೂ ಒಂದೇ ಮಾತಿನಲ್ಲಿ ಬಂದದ್ದರಿಂದ ಯಾವುದಕ್ಕೆ ತಲೆಬಾಗಬೇಕೆಂದು ತಿಳಿಯದೆ ಸುಮ್ಮನೆ ತಲೆಬಾಗಿದರು.

ರಜೆಯ ದಿನ ಇನ್ನೊಂದು ಚೀಲ ಬಂತು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಕೆಟ್ಟಿನ ಪಕ್ಕ ನಿಂತರು.

“ನೀರು ನಾನು ಹಾಕ್ತೀನಿ. ಕೆಡಿಸೋದು ನೀವು ನೋಡ್ಕೊಳ್ಳಿ.”

ಚೀಲದ ಮೇಲೆ ಬರೆದಷ್ಟು ನೀರು, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಸಾಹೇಬರು ಮುಖ ತಿರುಗಿಸಿಕೊಂಡೇ ಕಲಸಿದರು. ಸುರಿದರು. ಗಾರೆ ಹಾಲಿನ ಹಾಗೆ ಹರಿಯಿತು. ಮೂಲೆಗೆ ಹೋಯಿತು, ಗೋಡೆ ಮುಟ್ಟಿತು, ತನ್ನನ್ನು ತಾನೇ ಒರೆಸಿಕೊಂಡ ಹಾಗೆ ನುಣ್ಣಗಾಗಿ ನಿಂತಿತು. ಸಾಹೇಬರು ಬಾಯಿ ಬಿಟ್ಟುಕೊಂಡು ನೋಡಿದರು. ಇಷ್ಟು ವರ್ಷ ತಾವು ತಯಾರಿಸಿದ್ದು ಇದನ್ನೇ ಎಂದು ಅವರಿಗೆ ಆಗ ಗೊತ್ತಾದದ್ದು. ಗೋಲಿ ಇಟ್ಟಿದ್ದರೆ ಅದು ಅಲ್ಲೇ ಕೂರುತ್ತಿತ್ತು.

“ಏನ್ರೀ ಇದು?” ಎಂದರು ಹೆಂಡತಿ.

“ತಾನೇ ಸಮವಾಗಿಬಿಡ್ತು.”

“ಹೇಳಿದ್ದೊಂದು, ಮಾಡಿದ್ದೊಂದು. ಒಂದು ಕೆಲಸ ನಂಬಿ ಕೊಡೋ ಹಾಗಿಲ್ಲ ನಿಮಗೆ. ಇನ್ನೂ ಬಿಗಿದಿಲ್ಲ ತಾನೆ? ಪ್ಯಾಂಟು ಮಡಚಿ, ನಡೀರಿ.”

ಸಾಹೇಬರು ನಡೆದರು. ಹಿಂದೆ ನೋಡಿದರೆ ಹೆಜ್ಜೆ ಮುಚ್ಚಿಕೊಂಡು ನೆಲ ಮತ್ತೆ ಕನ್ನಡಿಯಂತಿತ್ತು. ತಿರುಗಿ ನಡೆದರು. ಮತ್ತೆ ಮುಚ್ಚಿಕೊಂಡಿತು.

“ನಿಲ್ಲಬೇಡಿ. ಗುರುತು ಹಿಡಿಯೋವರೆಗೂ ನಡೀತಿರಿ.”

ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಅಡುಗೆಮನೆಗೆ, ಪಚಪಚ ಎಂದು ಬರಗಾಲ ಸಾಹೇಬರು ನಡೆಯುತ್ತಲೇ ಇದ್ದರು. ಕೋಣೆಯೊಳಗೆ ಕೂತಿದ್ದ ಅತ್ತೆ ಕಿವಿಗೊಟ್ಟು ಕೇಳಿದರು.

“ಯಾರೇ ಅದು, ಅಷ್ಟು ಹೊತ್ತಿಂದ ಓಡಾಡ್ತಿರೋದು?”

“ನಿನ್ನ ಅಳಿಯ ಕಣಮ್ಮ,” ಎಂದರು ಹೆಂಡತಿ. “ಕೆಲಸ ಸರಿಯಾಗಿಬಿಟ್ಟಿತ್ತು. ಕೆಡಿಸ್ತಿದ್ದಾರೆ.”